ಮೂರ್ತಿಯವರ ‘ಖಂಡಿತ’

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ‘ಗಿಳಿಪಾಠ’ದ ೦.೭ನೆಯ ಆವೃತ್ತಿ ಬಿಡುಗಡೆಯಾಗುವ ದಿನವನ್ನು ಗೊತ್ತುಮಾಡಿದವನು ನಾನು. ಗೊತ್ತುಮಾಡುವ ಅಧಿಕಾರ ನನಗಿರಲಿಲ್ಲ. ಅಧಿಕಾರವಿದ್ದ ಮೂರ್ತಿಯವರ ಧ್ವನಿ ನನ್ನ ಗಂಟಲಲ್ಲಿತ್ತು, ಅದನ್ನು ಬಳಸಿಕೊಂಡೆ.

ಬೇರೆಯವರ ಧ್ವನಿಯನ್ನು ಅನುಕರಿಸುವುದು ನನಗೊಂದು ಚಟ. ಗುಡಗಾಂವಿನ ಆಫೀಸಿನ ಮ್ಯಾನೇಜರರ ಕೆಮ್ಮಿನಿಂದ ಹಿಡಿದು ಗೇಟಿನ ಹೊರಗೆ ಚಹಾ ಮಾರುವ ಭಯ್ಯಾನ ‘ಅಚ್ಛಾಜೀ’ವರೆಗೆ ಎಲ್ಲವೂ ನನ್ನ ಸಂಗ್ರಹದಲ್ಲಿದ್ದವು. ಊರಿಗೆ ಫೋನ್ ಮಾಡುವಾಗಲೂ ಅಷ್ಟೆ, ಹೊತ್ತುಹೊತ್ತಿಗೆ ಉಂಡು ಮಲಗುವ ಸುಖಜೀವಿಯೊಬ್ಬನ ಧ್ವನಿಯಲ್ಲಿ ‘ಚೆನ್ನಾಗಿದೀನಮ್ಮ’ ಎನ್ನುತ್ತಿದ್ದೆ. ಆ ಪುಣ್ಯಾತ್ಮನನ್ನು ನಾನು ಇಂದಿಗೂ ಭೇಟಿಯಾಗಿಲ್ಲ.

‘ಗಿಳಿಪಾಠ’ ಅಂದರೆ ದೆಹಲಿಯಲ್ಲೇ ಹುಟ್ಟಿದ ಕನ್ನಡದ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಕಲಿಸುವ ಪುಟ್ಟ ತಂತ್ರಾಂಶ. ಮುಕ್ತ ತಂತ್ರಾಂಶ: ಯಾರು ಬೇಕಾದರೂ ಒಳಗಿನ ಕೋಡ್ ಓದಬಹುದು, ತಿದ್ದಬಹುದು, ಹಂಚಬಹುದು. ಸಂಬಳ ಯಾರಿಗೂ ಇಲ್ಲ. ಅದನ್ನು ಬರೆದವರು ಮೂರ್ತಿ; ಹಗಲಿಡೀ ಒಂದು ಸಚಿವಾಲಯದ ಕಡತಗಳನ್ನು ನೋಡಿ, ಸಂಜೆ ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ ಕೋಡ್ ನೋಡುವವರು. ಪಾಠಗಳನ್ನು ಬರೆದವಳು ಶಬೀನಾ, ದಾವಣಗೆರೆಯಿಂದ ಸಂಶೋಧನೆಗೆಂದು ಬಂದ ಹುಡುಗಿ. ಮೂರನೆಯವನು ನಾನು. ನನ್ನ ಕೊಡುಗೆ, ಅಕ್ಷರಗಳನ್ನು ಹನ್ನೆರಡು ಧ್ವನಿಗಳಲ್ಲಿ ಉಚ್ಚರಿಸುವ ಮಾತಾಡುವ ಗಿಳಿ. ಇದು ಬಂದು ಕೂತ ಮೇಲೆ ತಂತ್ರಾಂಶ ಎಷ್ಟು ಭಾರವಾಯಿತೆಂದರೆ, ಹಳೆಯ ಕಂಪ್ಯೂಟರುಗಳು ಅದನ್ನು ತೆರೆಯುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯುತ್ತಿತ್ತು.

ಎರಡು ವರ್ಷದಿಂದ ನಾವು ೦.೬ರಲ್ಲೇ ಇದ್ದೆವು. ಈ ಸೊನ್ನೆಯ ವಿಷಯ ಒಂದು ಮಾತು ಹೇಳಬೇಕು. ಮುಕ್ತ ತಂತ್ರಾಂಶದವರು ಒಂದನೆಯ ಆವೃತ್ತಿ ಎಂದು ಬರೆಯಲು ನಾಚುತ್ತಾರೆ. ಎಲೆ ತುಂಬ ಹದಿನೆಂಟು ಬಗೆ ಬಡಿಸಿ ‘ಏನೂ ಮಾಡಿಲ್ಲ, ಬರೀ ಅನ್ನ ಸಾರು’ ಎನ್ನುವ ನಮ್ಮ ಮನೆಗಳ ಹೆಂಗಸರಿದ್ದಾರಲ್ಲ, ಅದೇ ವಿನಯ. ಮೂರ್ತಿಯವರಲ್ಲಿ ಅದು ವಿಪರೀತವಾಗಿತ್ತು. ಪ್ರತಿ ಭಾನುವಾರ ಅವರ ಮನೆಯಲ್ಲಿ ಚಿತ್ರಾನ್ನ ತಿಂದು ‘ಬಿಡುಗಡೆ ಯಾವಾಗ ಸರ್?’ ಎಂದರೆ, ಗಂಟಲು ಎರಡು ಸಲ ಸರಿಮಾಡಿಕೊಂಡು ‘ಹೂಂ... ನೋಡೋಣ’ ಎನ್ನುವರು. ನಾನು ಬಸ್‌ಸ್ಟಾಪಿನಲ್ಲಿ ಶಬೀನಾಳಿಗೆ ಅದನ್ನೇ ಮಾಡಿ ತೋರಿಸುವೆ. ಅವಳು ನಗುವಳು. ಹೀಗೆ ಎರಡು ವರ್ಷ.

ಇತ್ತ ಜನಕಪುರಿಯಲ್ಲಿ ಸುಶೀಲಮ್ಮ ಟೀಚರ್ ಕಾಯುತ್ತಿದ್ದರು. ನಿವೃತ್ತಿಯ ನಂತರ ಕಾಲೋನಿಯ ಸಮುದಾಯ ಭವನದ ಒಂದು ಕೋಣೆಯಲ್ಲಿ ಭಾನುವಾರದ ಕನ್ನಡ ತರಗತಿ ನಡೆಸುತ್ತಿದ್ದವರು ಅವರು. ಇಪ್ಪತ್ತು ಮಕ್ಕಳಿದ್ದದ್ದು ಒಂಬತ್ತಕ್ಕಿಳಿದಿತ್ತು. ಬೇಸಿಗೆ ರಜದೊಳಗೆ ಮಕ್ಕಳು ಹೆಚ್ಚದಿದ್ದರೆ ಕೋಣೆಯನ್ನು ಕರಾಟೆ ಕ್ಲಾಸಿಗೆ ಕೊಡುವುದಾಗಿ ಭವನದ ಕಾರ್ಯದರ್ಶಿ ಹೇಳಿಬಿಟ್ಟಿದ್ದರು. ಯಾರೋ ಕೊಟ್ಟ ಮೂರು ಹಳೆಯ ಕಂಪ್ಯೂಟರುಗಳು ಅಲ್ಲಿದ್ದವು. ಹೊಸ ಗಿಳಿಪಾಠ ಬಂದರೆ ಮಕ್ಕಳು ನಿಲ್ಲುತ್ತಾರೆ ಎಂಬುದೊಂದೇ ಟೀಚರ್ ಆಸೆ.

ಏಪ್ರಿಲಿನ ಒಂದು ಮಧ್ಯಾಹ್ನ ಶಬೀನಾ ಕೆಣಕಿದಳು. “ಮೂರ್ತಿ ಸರ್ ಧ್ವನೀನ ನನ್ನೆದುರು ಏನ್ ಮಾಡ್ತೀಯ? ಟೀಚರ್‌ಗೆ ಫೋನ್ ಮಾಡಿ ಮಾಡು, ಆಗ ಒಪ್ಪಿಕೊಳ್ತೀನಿ.” ಮಾಡಿದೆ. ಗಂಟಲು ಎರಡು ಸಲ ಸರಿಮಾಡಿಕೊಂಡು, “ಟೀಚರ್, ಮೇ ಎರಡನೇ ಭಾನುವಾರ ಬಿಡುಗಡೆ. ಖಂಡಿತ” ಎಂದೆ. ತಮಾಷೆಯೆಲ್ಲ ಆ ಕೊನೆಯ ಪದದಲ್ಲಿತ್ತು. ಮೂರ್ತಿ ಜನ್ಮದಲ್ಲಿ ‘ಖಂಡಿತ’ ಎಂದವರಲ್ಲ. ಮರುಕ್ಷಣ ‘ನಾನು ಟೀಚರ್, ನಾನು’ ಎನ್ನುವವನಿದ್ದೆ. ಆದರೆ ಅಷ್ಟರಲ್ಲಿ ಆ ಕಡೆ ಟೀಚರ್, “ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ” ಎಂದು ಬಿಕ್ಕಿ ಫೋನಿಟ್ಟೇಬಿಟ್ಟರು. ತಿರುಗಿ ಮಾಡಿದರೆ ಎಂಗೇಜ್. ಸಂಜೆಯ ಹೊತ್ತಿಗೆ ತಂದೆತಾಯಂದಿರಿಗೆಲ್ಲ ಸುದ್ದಿ ಹೋಗಿತ್ತು: ಆ ಭಾನುವಾರ ಮಕ್ಕಳು ಕಂಪ್ಯೂಟರಿನಲ್ಲಿ ಊರಿನ ಅಜ್ಜಿಯರಿಗೆ ಕಾಗದ ಬರೆಯುತ್ತಾರೆ, ಎಲ್ಲರೂ ಬರಬೇಕು.

ಮೂರ್ತಿಯವರ ಮುಂದೆ ನಿಂತು ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ. “ಹೇಗಂದೆ? ಇನ್ನೊಂದ್ಸಲ ಹೇಳು” ಎಂದರು. ಹೇಳಿದೆ. ಅಡುಗೆಮನೆಯಿಂದ ಅವರ ಹೆಂಡತಿ, “ಏನ್ರೀ, ಕರೆದ್ರಾ?” ಎಂದರು. ಮೂರ್ತಿ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ “ನೋಡೋಣ” ಎಂದವರೇ ಒಂದು ಹಾಳೆಯ ನಡುವೆ ಗೆರೆ ಎಳೆದರು. ಎಡಕ್ಕೆ ಉಳಿಸುವುದು, ಬಲಕ್ಕೆ ಕೈಬಿಡುವುದು.

ಬಿಡುಗಡೆಯ ಯೋಜನೆಯೆಂದರೆ ಊರಿನಿಂದ ದೆಹಲಿಗೆ ಹೊರಡುವಾಗ ಸೂಟ್‌ಕೇಸ್ ತುಂಬಿದ ಹಾಗೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಎಲ್ಲವೂ ಬೇಕು. ಮೇಲೆ ಕೂತರೂ ಮುಚ್ಚಳ ಹಾಕಲಾಗುವುದಿಲ್ಲ. ಕೊನೆಗೆ ಕಣ್ಣುಮುಚ್ಚಿ ಏನನ್ನೋ ತೆಗೆಯಬೇಕು. ಮೂರ್ತಿ ಮೊದಲು ತೆಗೆದದ್ದು ನನ್ನ ಗಿಳಿಯನ್ನು. “ಇದರಿಂದಲೇ ಎರಡು ವರ್ಷ ತಡ ಆಗಿದ್ದು. ನೀನು ಬೇಜಾರು ಮಾಡ್ಕೋತೀಯ ಅಂತ ಹೇಳಿರ್ಲಿಲ್ಲ” ಎಂದರು. ನನ್ನ ಕಿವಿ ಬಿಸಿಯಾಯಿತು. ಇವರ ‘ನೋಡೋಣ’ವನ್ನು ನಾನು ಊರೆಲ್ಲ ಮಾಡಿ ತೋರಿಸಿದ್ದೆ, ಆ ‘ನೋಡೋಣ’ ಇಷ್ಟು ದಿನ ನನ್ನ ಮರ್ಯಾದೆ ಕಾಯುತ್ತಿತ್ತು.

ನಮ್ಮ ಹಿರಿಯರು ಜಾಣರು. ಮದುವೆಗೆ ಮೊದಲು ಮುಹೂರ್ತ ಇಟ್ಟು ಆಮೇಲೆ ಬೇಳೆ ನೆನೆಹಾಕುತ್ತಾರೆ. ಬೇಳೆ, ಬೀಗರು, ಬಂಗಾರ ಎಲ್ಲ ಸಿದ್ಧವಾದ ಮೇಲೆ ಮುಹೂರ್ತ ನೋಡೋಣ ಎಂದಿದ್ದರೆ ನಾವ್ಯಾರೂ ಹುಟ್ಟುತ್ತಿರಲಿಲ್ಲ. ನಮಗೂ ಹೀಗೆ ಒಂದು ಕಳ್ಳ ಮುಹೂರ್ತ ಸಿಕ್ಕಿತ್ತು. ಹೊಸದೇನನ್ನೂ ಸೇರಿಸುವಂತಿಲ್ಲ, ಇದ್ದದ್ದನ್ನು ಸರಿಪಡಿಸಬೇಕು ಅಷ್ಟೆ ಎಂದು ಕಟ್ಟುಮಾಡಿ ಮೂರೂ ಜನ ಕೂತೆವು.

ಇನ್ನೇನು ಮುಗಿಯಿತು ಎನ್ನುವಾಗ, ಶನಿವಾರ, ಜನಕಪುರಿಯ ಕಂಪ್ಯೂಟರಿನಲ್ಲಿ ಶಬೀನಾ ‘ಅಜ್ಜಿ’ ಎಂದು ಬರೆದಳು. ಜಕಾರದ ಒತ್ತು ಕೆಳಗಿಳಿಯದೆ, ಸೀಟು ಸಿಗದವನ ಹಾಗೆ ಪಕ್ಕದಲ್ಲಿ ನಿಂತಿತು. ಎಲ್ಲ ಒತ್ತಕ್ಷರಗಳದ್ದೂ ಅದೇ ಪಾಡು. “ಅಜ್ಜಿಗೆ ಕಾಗದ ಬರೆಯೋ ದಿನ ಅಜ್ಜಿನೇ ಇಲ್ಲ! ಈಗ ಯಾರ ಧ್ವನೀಲಿ ಫೋನ್ ಮಾಡ್ತೀಯಪ್ಪ?” ಎಂದಳು. ನಾನು ನನ್ನ ಧ್ವನಿಯಲ್ಲೇ ಮೂರ್ತಿಯವರಿಗೆ ಮಾಡಿದೆ. ಅದೂ ಸರಿಯಾಗಿ ಹೊರಡಲಿಲ್ಲ. ಮೂರ್ತಿ ಊಟ ಅರ್ಧಕ್ಕೆ ಬಿಟ್ಟು, ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ತಲೆಗೆ ಒದ್ದೆ ಟವೆಲು ಹಾಕಿಕೊಂಡು ಆಟೋದಲ್ಲಿ ಬಂದರು. ಸಂಜೆ ಐದಕ್ಕೆ ಅಜ್ಜಿ ಒಂದಾದಳು. ಆರಕ್ಕೆ, ಹೇಳಿದ ಭಾನುವಾರಕ್ಕಿಂತ ಒಂದು ದಿನ ಮೊದಲೇ, ೦.೭ ಅಂತರ್ಜಾಲಕ್ಕೇರಿತು.

ಪ್ರತಿ ಮುಕ್ತ ತಂತ್ರಾಂಶದ ಒಂದು ಮೂಲೆಯಲ್ಲಿ ನೆರವಾದವರ ಪಟ್ಟಿಯಿರುತ್ತದೆ. ಯಾರೂ ಓದುವುದಿಲ್ಲ. ಮದುವೆ ಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಎಂದು ಸಾಲುಗಟ್ಟುವ ಚಿಕ್ಕಪ್ಪ ದೊಡ್ಡಪ್ಪಂದಿರ ಹಾಗೆ ಎಂದು ನಾನೇ ಗೇಲಿ ಮಾಡುತ್ತಿದ್ದೆ. ಅಂದು ತೆರೆದು ನೋಡಿದರೆ, ಗಿಳಿ ಹೋಗಿದ್ದರೂ ನನ್ನ ಹೆಸರಿತ್ತು. ಎದುರಿಗೆ ಮೂರ್ತಿ ಬರೆದಿದ್ದರು: ‘ಬಿಡುಗಡೆಯ ದಿನಾಂಕ’. ಆ ಎರಡು ಪದ ಇನ್ನೊಮ್ಮೆ ಓದಿದೆ. ಆಮೇಲೆ ಅದರ ಕೆಳಗೆ ಅವರ ಹೆಂಡತಿಯ ಹೆಸರು ಸೇರಿಸಿದೆ, ಚಿತ್ರಾನ್ನಕ್ಕಾಗಿ. ನನ್ನ ಜೀವಮಾನದಲ್ಲಿ ನಾನು ಬರೆದ ನಿರ್ದೋಷವಾದ ಸಾಲು ಅದೊಂದೇ.

ಭಾನುವಾರ ಒಂಬತ್ತು ಮಕ್ಕಳೂ ಬರೆದರು. “ಅಜ್ಜಿ, ಹಮ್ ರಜಕ್ಕೆ ಬರ್ತೀವಿ, ಪಕ್ಕಾ” ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಒಬ್ಬಳು ಒಂದೊಂದೇ ಕೀಲಿ ಒತ್ತುತ್ತಿದ್ದಳು. ಹಿಂದೆ ನಿಂತ ಅವಳಪ್ಪ ಪರದೆಯನ್ನೇ ನೋಡುತ್ತಿದ್ದ. ಜುಲೈ ತರಗತಿಗೆ ಹನ್ನೊಂದು ಹೊಸ ಹೆಸರು ಸೇರಿದವು. ಕಾರ್ಯದರ್ಶಿ ಲಡ್ಡು ತಿನ್ನುತ್ತಾ, ಕರಾಟೆಗೆ ಮೇಲಿನ ಮಹಡಿಯೇ ಚೆನ್ನ ಎಂದರು.

ಎಲ್ಲರೂ ಹೋದ ಮೇಲೆ, ಮೂರ್ತಿಯವರ ಎದುರಿಗೇ, ಟೀಚರಿಗೂ ನಿಜ ಹೇಳಿ ಕ್ಷಮೆ ಕೇಳಿದೆ. ಅವರು ಉಳಿದ ಲಡ್ಡುಗಳನ್ನು ಡಬ್ಬಿಗೆ ತುಂಬುತ್ತಾ ತಲೆಯೆತ್ತದೆ ಹೇಳಿದರು:

“ಮೂರ್ತಿಯವರು ‘ಖಂಡಿತ’ ಅಂತಾರೇನೋ? ಆವತ್ತೇ ಗೊತ್ತಾಯ್ತು ನೀನು ಅಂತ. ನೀನು ಅವರ ಹಾಗೆ ಮಾತಾಡಿದೆ, ನಾನು ಅತ್ತ ಹಾಗೆ ಮಾಡಿದೆ. ಇವರು ಫೋನ್ ಮಾಡ್ಲಿ ಅಂತ ಕಾದಿದ್ರೆ ಆ ಮಕ್ಕಳೇ ಅಜ್ಜಿಯರಾಗ್ತಿದ್ರು.”