ಗಾಳಿಗೆ ಮೈಯೊಡ್ಡಿ ನಿಂತ ಸಿಗ್ನಲ್ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಾಳಿ ಹಟ ಬಿಟ್ಟಿಲ್ಲ. ತಾರಸಿಯ ಮೇಲೆ ಹೆಂಗಸೊಬ್ಬರು ಡಿಶ್ಶನ್ನು ಹಿಂದಿನಿಂದ ಅವುಚಿ ಹಿಡಿದು ಕೂತಿದ್ದಾರೆ. ಅದನ್ನು ಕಂಬಕ್ಕೆ ಬಿಗಿದಿದ್ದ ಕ್ಲಾಂಪು ಮುರಿದಿದೆ. ಡಿಶ್ಶಿನ ಮುಖ ಹೊಳೆಯಾಚೆಯ ಪಟ್ಟಣದ ಸಿಗ್ನಲ್ ಗೋಪುರದ ಕಡೆಗೇ ಇರಬೇಕು. ಬೆರಳಷ್ಟು ಆಚೀಚೆಯಾದರೂ ಇಂಟರ್‌ನೆಟ್ ಕೈಕೊಡುತ್ತದೆ.

ಎದುರುಮನೆಯಲ್ಲಿ ಚೊಚ್ಚಲ ಹೆರಿಗೆ. ಸೇತುವೆಯ ಮೇಲೆ ನೀರು ಹರಿಯುತ್ತಿದೆ; ಆಂಬುಲೆನ್ಸ್ ಆಚೆ ದಡದಲ್ಲೇ ನಿಂತಿದೆ. ಊರಿನ ಮೊಬೈಲ್ ಟವರ್ ಕೆಟ್ಟು ಕೂತಿದೆ. ಮಗುವಿನ ಕಾಲು ಮುಂದಾಗಿದೆ ಎಂದು ತಿಳಿದ ಗಳಿಗೆಯಿಂದ ನರ್ಸಮ್ಮನಿಗೆ ಇರುವ ಆಸರೆ ಒಂದೇ, ವಿಡಿಯೊದಲ್ಲಿ ಕಾಣುವ ಪಟ್ಟಣದ ಡಾಕ್ಟರು. ಆ ವಿಡಿಯೊ ಬರುತ್ತಿರುವುದು ಈ ಡಿಶ್ಶಿನಿಂದ.

ಬೀದಿಯವರಿಗೆ ಇವರು ಸಿಗ್ನಲ್ ಅಕ್ಕ. ಮೊದಲು ರವಿಕೆ ಹೊಲಿಯುತ್ತಿದ್ದವರು. ದೂರದ ಸಿಗ್ನಲ್ಲನ್ನು ಡಿಶ್ಶಿನಲ್ಲಿ ಹಿಡಿದು, ನಡುಮನೆಯ ಪೆಟ್ಟಿಗೆಗೆ ಇಳಿಸಿ, ಅಲ್ಲಿಂದ ನಲವತ್ತು ಮನೆಗಳಿಗೆ ಹಂಚುವ ಕೆಲಸ ಗಂಡನದಾಗಿತ್ತು. ಇದೇ ತಾರಸಿಯ ಅಂಚಿನಿಂದ ಕಾಲು ಜಾರಿ ಬಿದ್ದು ಅವರ ಸೊಂಟ ಮುರಿಯಿತು. ಮಂಚ ಹಿಡಿದ ಗಂಡ ಬೇಡವೆಂದರೂ ಕೇಳದೆ ಅಕ್ಕ ಏಣಿ ಹತ್ತಿದರು. ಗಂಡ ಎಷ್ಟೋ ದಿನ ಮಾತು ಬಿಟ್ಟರು. ಹೆಂಗಸಿಗೇಕೆ ಈ ಮಂಗಾಟ ಎಂದು ಬೀದಿಯೂ ಆಡಿಕೊಂಡಿತು. ಈಗ ಗಂಡ ಕೆಳಗೆ ಲ್ಯಾಪ್‌ಟಾಪ್ ನೋಡುತ್ತ ದಿಕ್ಕು ಹೇಳುತ್ತಾರೆ, ಅಕ್ಕ ಮೇಲೆ ತಿರುಗಿಸುತ್ತಾರೆ.

"ಧಾರಾವಾಹಿ ನಿಂತ್ರೂ ನಂಗೇ ಬೈಗುಳ, ವಿಡಿಯೊದಲ್ಲಿ ಅಳಿಯನ ಮುಖ ಮಸುಕಾದ್ರೂ ನಂಗೇ ಬೈಗುಳ," ಎಂದು ಅಕ್ಕ ಬೇರೆ ದಿನಗಳಲ್ಲಾದರೆ ನಗುತ್ತಾರೆ. ಇವತ್ತು ನಗುವಿಲ್ಲ. ತೋಳು ಮರಗಟ್ಟಿದೆ, ಬೆರಳುಗಳಿಗೆ ಸ್ಪರ್ಶವೇ ತಿಳಿಯುತ್ತಿಲ್ಲ.

ಅಷ್ಟರಲ್ಲಿ ಗಾಳಿಯೊಂದು ಬೀಸಿ ಬಂದು ಡಿಶ್ಶನ್ನು ಕೈಯಿಂದ ಕಿತ್ತುಕೊಂಡಂತೆ ತಿರುಗಿಸುತ್ತದೆ. ಎದುರುಮನೆಯ ಕಿಟಕಿಯಿಂದ ಹೆರುವವಳ ಅತ್ತೆಯ ದನಿ ಕೇಳುತ್ತದೆ: "ಡಾಕ್ಟರ ಮಾತು ನಿಂತೋಯ್ತು ಅಕ್ಕಾ."

ಕೂತಲ್ಲಿಂದ ಇನ್ನು ಆಗದು. ಡಿಶ್ಶನ್ನು ಮತ್ತೆ ಗೋಪುರಕ್ಕೆ ತಿರುಗಿಸಬೇಕಾದರೆ ಅಕ್ಕ ಎದ್ದು ಬಲಕ್ಕೆ ಸರಿಯಬೇಕು. ಬಲಕ್ಕೆ ಇರುವುದು ಗಂಡ ಬಿದ್ದ ಅಂಚು. ಅದು ಇಬ್ಬರಿಗೂ ಗೊತ್ತು. ಕೆಳಗಿನಿಂದ ದಿಕ್ಕು ಹೇಳುತ್ತಿದ್ದ ಗಂಡನ ದನಿ ಒಮ್ಮೆಲೇ ನಿಲ್ಲುತ್ತದೆ.

"ಹೇಳ್ರೀ," ಎನ್ನುತ್ತಾರೆ ಅಕ್ಕ.

"ಬಲಕ್ಕೆ." ಗಂಡ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ ಹೇಳುತ್ತಾರೆ. "ಇನ್ನೂ ಸ್ವಲ್ಪ... ಬಂತು. ಹಾಗೇ ನಿಲ್ಲು ಕಣೇ. ಕೆಳಗೆ ನೋಡ್ಬೇಡ."

ಅಕ್ಕ ನೋಡುವುದಿಲ್ಲ. ಒಂದು ಮೊಣಕಾಲನ್ನು ಕಂಬಕ್ಕೆ ಒತ್ತಿ, ಗಾಳಿಗೆ ಮೈಯೊಡ್ಡಿ, ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಕಿಟಕಿಯಲ್ಲಿ ಡಾಕ್ಟರ ದನಿ, ನರ್ಸಮ್ಮನ ದನಿ, ಹೆರುವವಳ ನರಳಾಟ. ಆಮೇಲೆ ಏನೂ ಕೇಳುವುದಿಲ್ಲ.

"ಅತ್ತಿತು ಕಣೇ," ಎಂದು ಗಂಡ ಕೊನೆಗೂ ಕೂಗುತ್ತಾರೆ. "ಹೆಣ್ಣುಮಗು. ಇಬ್ರೂ ಚೆನ್ನಾಗಿದ್ದಾರಂತೆ. ಇನ್ನು ಇಳಿದು ಬಾ."

ಅಕ್ಕ ಅಂಚಿನಿಂದ ತಾರಸಿಯ ನಡುವಿಗೆ ಸರಿದು ಕೂತು, ಅಂಗೈಗಳನ್ನು ಉಜ್ಜುತ್ತ ಅಳುತ್ತಾರೆ. ಕೆಳಗೆ ಬಂದಾಗ ಗಂಡ ಆ ಕೈಗಳನ್ನು ತಮ್ಮ ಕೈಯೊಳಗಿಟ್ಟುಕೊಂಡು ಬೆಚ್ಚಗೆ ಮಾಡುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ನೀರು ಇಳಿದು ತಾಯಿ ಮಗು ಆಸ್ಪತ್ರೆ ಸೇರುತ್ತಾರೆ. ಹೊಸ ಕ್ಲಾಂಪಿನ ನಟ್ಟು ಬಿಗಿಯುತ್ತಿರುವ ಅಕ್ಕನನ್ನು, ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಹೇಳುತ್ತಾರೆ:

"ಆ ಹುಡುಗಿ ಬೆಳೆದು ದೊಡ್ಡವಳಾಗ್ಲಿ. ಒಂದಿನ ನಮ್ಮನೆ ಬಾಗಿಲಿಗೆ ಬಂದು, ಏನಜ್ಜಿ ನಿಮ್ಮ ನೆಟ್ಟು ಇಷ್ಟು ನಿಧಾನ ಅಂತ ಜಗಳ ಆಡ್ಲಿ. ನಂಗಷ್ಟು ಸಾಕು."