ಊರಿಗೆಲ್ಲ ಸಿಸ್ಟರ್

ಅಕ್ಕನ ಎಡಗೈಯಲ್ಲಿ ಬಳೆ ಇರುತ್ತಿರಲಿಲ್ಲ. ಮುಂಗೈಯಿಂದ ಮೊಣಕೈವರೆಗೆ ಕೆಂಪು, ಹಳದಿ, ಹಸಿರು, ಕಪ್ಪು ಎಲಾಸ್ಟಿಕ್ ಪಟ್ಟಿಗಳು. ಸಿರುಗುಪ್ಪದಲ್ಲಿ ಆಂಬುಲೆನ್ಸ್ ನರ್ಸ್ ಅವಳು. ಅಪಘಾತದ ಜಾಗದಲ್ಲಿ ಗಾಯಾಳುಗಳ ಕೈಗೆ ಒಂದೊಂದು ಬಣ್ಣ ಹಾಕುತ್ತ ಹೋಗುತ್ತಿದ್ದಳು: ಕೆಂಪಿನವರು ಮೊದಲು, ಹಳದಿಯವರು ಆಮೇಲೆ, ಹಸಿರಿನವರು ಕಾಯಬಹುದು. ಕಪ್ಪಿನ ಬಗ್ಗೆ ಮನೆಯಲ್ಲಿ ಮಾತಾಡುತ್ತಿರಲಿಲ್ಲ.

“ಒದರೋರಿಗಿ ಉಸಿರೈತಿ. ಸುಮ್ನ ಬಿದ್ದೋರ್ನ ಮೊದ್ಲು ನೋಡ್ಬೇಕು,” ಎನ್ನುತ್ತಿದ್ದಳು.

ನಾನು ಐದನೆಯ ತರಗತಿಗೇ ಶಾಲೆ ಬಿಟ್ಟವಳು. ಕುರುಗೋಡಿನಿಂದ ಬಳ್ಳಾರಿವರೆಗೆ ಅವಳನ್ನು ಕಂಡವರೆಲ್ಲ “ಬರ್ರಿ ಸಿಸ್ಟರ್” ಎಂದು ಕುರ್ಚಿ ಹಾಕುತ್ತಿದ್ದರು. ಜೊತೆಗಿದ್ದ ನನ್ನನ್ನು ನೋಡಿ “ಇಕಿ ಯಾರು?” ಎನ್ನುತ್ತಿದ್ದರು. ಅವ್ವನಂತೂ ಹಬ್ಬದ ಮೊದಲ ಹೋಳಿಗೆಯನ್ನು ಅವಳಿಗೇ ಎತ್ತಿಡುತ್ತಿದ್ದಳು; ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಒಣಗಿ ಹೋಗಿರುತ್ತಿತ್ತು, ಆದರೂ ನನಗೆ ಮುಟ್ಟಗೊಡುತ್ತಿರಲಿಲ್ಲ. ಊರಿಗೆಲ್ಲ ಸಿಸ್ಟರ್ ಆದರೂ ಅವಳನ್ನು ಅಕ್ಕ ಎನ್ನುವವಳು ನಾನೊಬ್ಬಳೇ. ಅದಷ್ಟೇ ನನ್ನ ಆಸ್ತಿ.

ಒಂದು ಬೆಳಿಗ್ಗೆ ಭತ್ತದ ಸಸಿ ಹಚ್ಚಲು ಕೂಲಿಯವರಾದ ನಮ್ಮನ್ನು ಕರೆದೊಯ್ಯುತ್ತಿದ್ದ ಟ್ರ್ಯಾಕ್ಟರ್ ಕೆಂಚನಗುಡ್ಡದ ಹತ್ತಿರ ಮಗುಚಿತು. ಬಂದದ್ದು ಅಕ್ಕನ ಗಾಡಿಯೇ. ಕಾಲು ಉಳುಕಿ ಒದರುತ್ತಿದ್ದ ನನ್ನ ಕೈಗೆ ಹಸಿರು ಪಟ್ಟಿ ಏರಿಸಿ, ಪಕ್ಕದಲ್ಲಿ ಸದ್ದಿಲ್ಲದೆ ಬಿದ್ದಿದ್ದ ಹೆಂಗಸಿಗೆ ಕೆಂಪು ಹಾಕಿದಳು.

“ಯಕ್ಕಾ, ನಾ ನಿನ್ನ ತಂಗಿ ಅದೀನಿ!”

“ಗೊತ್ತೈತಿ ಲೇ. ಕುಂದ್ರು,” ಎಂದು ಮುಂದೆ ಹೋದಳು.

ಇಲ್ಲೂ ನಾನೇ ಹಿಂದೆ. ಹೊಟ್ಟೆ ಉರಿಯಿತು. ಅವಳು ಆಚೆ ತಿರುಗಿದಾಗ ಪಟ್ಟಿಗಳನ್ನು ಅದಲುಬದಲು ಮಾಡಿಬಿಟ್ಟೆ. ಕೆಂಪು ಕಂಡ ಆಂಬುಲೆನ್ಸ್ ಡ್ರೈವರ್ ನನ್ನನ್ನೇ ಎತ್ತಿ ಗಾಡಿಯಲ್ಲಿ ಮಲಗಿಸಿದ.

ಬಾಗಿಲು ಹಾಕಲು ಬಂದ ಅಕ್ಕ ನನ್ನ ಕೈ ನೋಡಿದಳು. ಬೈಯಲಿಲ್ಲ. “ಇಳಿ,” ಎಂದಳು, ಅಷ್ಟೆ. ನನ್ನ ಜಾಗದಲ್ಲಿ ಆ ಹೆಂಗಸನ್ನು ಮಲಗಿಸಿಕೊಂಡು ಹೋದಳು. ಆಕೆ ಬದುಕಿದಳು. ನಾನು ಮಾಡಿದ್ದನ್ನು ಅಕ್ಕ ಅವ್ವನಿಗೂ ಹೇಳಲಿಲ್ಲ. ಅದಕ್ಕೂ ನನಗೆ ಸಂಕಟ. ಅಲ್ಲಿಯೂ ಅವಳೇ ಒಳ್ಳೆಯವಳಾದಳಲ್ಲ!

ಹೋದ ವರ್ಷ ಅಕ್ಕ ಎದೆನೋವಿನಿಂದ ತೀರಿಕೊಂಡಳು. ಮಣ್ಣಿಗೆ ಬಂದವರಲ್ಲಿ ಆ ಹೆಂಗಸೂ ಇದ್ದಳು. “ನಮ್ಮಕ್ಕ ಹೋದ್ಲೋ ಯಪ್ಪಾ” ಎಂದು ಎದೆ ಬಡಿದುಕೊಂಡು ಅತ್ತಳು. ಇವಳಿಗೂ ಅಕ್ಕ ಅಂತೆ! ಹೆಣದ ಮುಂದೆಯೂ ನನ್ನ ಹೊಟ್ಟೆಕಿಚ್ಚು ಆರಲಿಲ್ಲ. ಗೋಡೆಗೊರಗಿ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಯಾರೋ ಆಕೆಗೆ ನೀರು ತಂದರು. ಆಕೆ ತಂಬಿಗೆಯನ್ನು ನನ್ನ ಕಡೆ ಸರಿಸಿದಳು.

“ನನಗ ಆಮ್ಯಾಲೆ ಕೊಡ್ರಿ. ಆಕಿಗಿ ಮೊದ್ಲು ಕುಡಸ್ರಿ. ಸುಮ್ನ ಕುಂತಾಳ.”

ಕುಡಿದೆ. ಪಟ್ಟಿ ಬದಲಿಸಿದವಳು ನಾನೇ ಎಂದು ಮಾತ್ರ ಹೇಳಲಿಲ್ಲ.