ಪಥ್ಯ ಮುಗಿಸಿದ ಅಕ್ಕ

ಅಕ್ಕನ ಕಾಲು ಮೊಣಕಾಲಿನಿಂದ ಕೆಳಗೆ ಹೊಳೆಯ ಕಲ್ಲಿನಂತೆ ನುಣ್ಣಗಿತ್ತು. ಒಂದೂ ಕೂದಲಿರಲಿಲ್ಲ. ಬಚ್ಚಲಲ್ಲಿ ಮಣೆ ಹಾಕಿ ಕೂತು, ಎರಡು ಕಾಲನ್ನೂ ನೀಡಿ, ಅದರ ಮೇಲೆ ಹಸುಗೂಸುಗಳನ್ನು ಮಲಗಿಸಿ, ಎಣ್ಣೆ ತಿಕ್ಕಿ ನೀರು ಹಾಕಿ ಹಾಕಿ ಹಾಗಾಗಿತ್ತು. ಹೆಮ್ಮಿಗೆಯಲ್ಲಿ ನಮ್ಮ ಬೀದಿಯ ಮಕ್ಕಳೆಲ್ಲ ಆ ಕಾಲಿನ ಮೇಲೆ ಮಿಂದವರೇ. ನನ್ನ ನಾಲ್ಕೂ, ಅವರ ಮಕ್ಕಳೂ.

ಅವಳು ನನ್ನ ಒಡಹುಟ್ಟಿದವಳಲ್ಲ. ಪಕ್ಕದ ಮನೆಯವಳು, ನನಗಿಂತ ಆರೇಳು ವರ್ಷ ದೊಡ್ಡವಳು. ನಾನು ಮದುವೆಯಾಗಿ ಬಂದ ದಿನ ಅಕ್ಕ ಅಂದೆ, ಅದೇ ಉಳಿಯಿತು. ನಾನು ಶಾಲೆಗೆ ಹೋಗಿದ್ದು ಎರಡು ವರ್ಷ. ಬರೆಯುವುದು ನಿಧಾನ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅವಳ ಮನೆಯವರು ಹೇಳುವುದು ಬೇರೆ. ಬಾಯಿ ಚಪಲಕ್ಕೆ ಹೋದಳು ಅನ್ನುತ್ತಾರೆ. ಅದು ಸುಳ್ಳು.

ಊರಲ್ಲಿ ಬಾಣಂತನ ಅಂದರೆ ಅಕ್ಕ. ಪಥ್ಯದಲ್ಲಿ ಅವಳಷ್ಟು ಕಟ್ಟುನಿಟ್ಟಿನವರು ಯಾರೂ ಇಲ್ಲ. ಹಳೇ ಅಕ್ಕಿಯ ಅನ್ನ, ಮೆಣಸು, ಬೆಳ್ಳುಳ್ಳಿ, ಮುಗಿಯಿತು. ನನ್ನ ಮೊದಲ ಬಾಣಂತನದಲ್ಲಿ ಕದ್ದು ಅರ್ಧ ಸೌತೆಕಾಯಿ ತಿಂದಿದ್ದೆ. ಬಾಯಿ ಮೂಸಿ ನೋಡಿ ಕಂಡುಹಿಡಿದಳು. ಬೆನ್ನಿಗೊಂದು ಗುದ್ದಿದಳು.

"ಮೂರು ತಿಂಗ್ಳು ಬಾಯಿ ಕಟ್ಟಮ್ಮಿ. ಆಮೇಲೆ ಕಲ್ಲು ತಿನ್ನು, ನಾನ್ಯಾಕೆ ಕೇಳ್ಲಿ?"

ಮೂರು ತಿಂಗಳಾದ ದಿನ ತಾನೇ ಎಣ್ಣೆನೀರು ಹಾಕಿ, ತಾನೇ ಒಬ್ಬಟ್ಟು ತಟ್ಟಿ, ತಾನೇ ಬಾಣಂತಿಯ ಬಾಯಿಗಿಡುತ್ತಿದ್ದಳು. ಅದಕ್ಕೆ ಪಥ್ಯ ಮುಗಿಸುವುದು ಅನ್ನುತ್ತಿದ್ದಳು. ಆಮೇಲೆ ಔಷಧಿ, ಖಾರ ಎಲ್ಲ ಬಂದ್. "ಮುಗುದ್ಮೇಲೂ ಔಷ್ದಿ ಕುಡುದ್ರೆ ತಿರುಗಿ ಒಡೀತದೆ" ಅನ್ನುವಳು. ಯಾರೂ ಎದುರಾಡಲಿಲ್ಲ. ಅವಳ ಕೈಯಲ್ಲಿ ಬಾಣಂತಿಯರು ಗಟ್ಟಿಯಾಗಿ ಎದ್ದಿದ್ದರು. ನಾನೂ ಎದ್ದಿದ್ದೆ.

ಆಮೇಲೆ ಅವಳಿಗೇ ಸಕ್ಕರೆ ಕಾಯಿಲೆ ಬಂತು. ನರಸೀಪುರಕ್ಕೆ ನಾನೇ ಜೊತೆಗೆ ಹೋಗಿದ್ದೆ. ಡಾಕ್ಟರು ಹೆಣ್ಣುಮಗಳು, ಒಳ್ಳೆಯವಳು. ಮಾತ್ರೆ ಬರೆದು, "ಅಜ್ಜಿ, ಇನ್ಮೇಲೆ ಪಥ್ಯ ಮಾಡ್ಬೇಕು" ಅಂದಳು.

ಅಕ್ಕನ ಮುಖ ಅರಳಿತು. "ಪಥ್ಯನಾ? ಅದ ನನ್ಗೆ ಏಳ್ಕೊಡ್ತೀಯೇನವ್ವ? ಅರ್ಧ ಊರ್ಗೆ ಮಾಡ್ಸಿವ್ನಿ!"

ಡಾಕ್ಟರು ನಕ್ಕಳು, ನಾನೂ ನಕ್ಕೆ. ಎಷ್ಟು ದಿನ ಅಂತ ಅಕ್ಕ ಕೇಳಲಿಲ್ಲ. ಯಾವಾಗಲೂ ಮಾಡಬೇಕು ಅಂತ ಡಾಕ್ಟರು ಹೇಳಿಯೇ ಇರಬೇಕು. ಆ ನಗುವಿನಲ್ಲಿ ನಮ್ಮಿಬ್ಬರಿಗೂ ಅದು ಕೇಳಲಿಲ್ಲ.

ಅವಳು ಮಾಡಿದ ಪಥ್ಯ ನಾನು ನೋಡಿದ್ದೇನೆ. ಮುದ್ದೆ ಅರ್ಧವಾಯಿತು. ಅನ್ನ ಹೋಯಿತು. ಕಾಫಿಯಲ್ಲಿ ಬೆಲ್ಲ ಹೋಯಿತು. ಮೊಮ್ಮಗನ ನಿಶ್ಚಿತಾರ್ಥದಲ್ಲಿ ಎಲೆಗೆ ಬಡಿಸಿದ ಪಾಯಸವನ್ನು ಬೆರಳಲ್ಲೂ ಮುಟ್ಟಲಿಲ್ಲ. ಬೆಳಿಗ್ಗೆ ನಾಲೆ ಏರಿಯ ಮೇಲೆ ನಡೆಯುತ್ತಿದ್ದಳು, ಜೊತೆಗೆ ನನ್ನನ್ನೂ ಎಳೆದುಕೊಂಡು. ಮೂರು ತಿಂಗಳಿಗೆ ಮತ್ತೆ ರಕ್ತ ಕೊಟ್ಟಾಗ ಸಕ್ಕರೆ ಇಳಿದಿತ್ತು. "ಸೂಪರ್ ಅಜ್ಜಿ, ನಾರ್ಮಲ್ ಬಂದಿದೆ" ಅಂದಳು ಡಾಕ್ಟರು.

ಮಾರನೆಯ ದಿನ ಅಕ್ಕ ಎಣ್ಣೆನೀರು ಹಾಕಿಕೊಂಡಳು. ಒಬ್ಬಟ್ಟು ಮಾಡಿ, ನಂಜನಗೂಡಿನಿಂದ ರಸಬಾಳೆ ತರಿಸಿ, ನನ್ನನ್ನು ಕೂಗಿದಳು.

"ಬಾಮ್ಮಿ, ಪಥ್ಯ ಮುಗೀತು. ಇಷ್ಟು ವರ್ಸ ನಿಮ್ಗೆಲ್ಲ ನಾನು ಇಕ್ದೆ. ನನ್ ಬಾಯ್ಗೆ ನೀನಿಕ್ಕು."

ಒಬ್ಬಟ್ಟು ಮುರಿದು ತುಪ್ಪದಲ್ಲಿ ಅದ್ದಿ ಅವಳ ಬಾಯಿಗಿಟ್ಟೆ. ನನ್ನ ಕೈಯಾರೆ. ಅವತ್ತೇ ಮಾತ್ರೆ ಡಬ್ಬಿಯನ್ನು ಸೂರಿನ ಸಂದಿಗೆ ಸಿಕ್ಕಿಸಿದಳು. ನನಗೂ ಅದು ಸರಿ ಅಂತಲೇ ಕಂಡಿತು.

ಎರಡು ವರ್ಷ ಏನೂ ಆಗಲಿಲ್ಲ. ಅದೇ ಮೋಸ.

ಹೋದ ವರ್ಷ ನನ್ನ ಮೊಮ್ಮಗಳಿಗೆ ಹೆರಿಗೆಯಾಯಿತು. ಮಗುವಿಗೆ ನೀರು ಹಾಕಲು ಅಕ್ಕ ಬಂದು ಕಾಲು ನೀಡಿ ಕೂತಳು. ಮೊದಲ ಚೊಂಬು ನೀರನ್ನು ತನ್ನ ಪಾದದ ಮೇಲೆ ಸುರಿದುಕೊಂಡು ಹದ ನೋಡುವುದು ಅವಳ ಪದ್ಧತಿ. ಸುರಿದುಕೊಂಡಳು.

"ತಣ್ಗದೆ ಕಣಮ್ಮಿ. ಬಿಸ್ನೀರು ಬೆರ್ಸು."

ಹಂಡೆಯಿಂದ ತೋಡಿ ಬಕೆಟ್ಟಿಗೆ ಬೆರೆಸಿದೆ. ಮತ್ತೆ ಸುರಿದುಕೊಂಡಳು. "ಇನ್ನೊಸಿ." ಮತ್ತೆ ಬೆರೆಸಿದೆ. ಮೂರನೆಯ ಸಲ ನನ್ನ ಬೆರಳು ಬಕೆಟ್ಟಿನ ನೀರಿಗೆ ತಾಕಿ ಚುರ್ ಅಂತು. ತಿರುಗಿ ನೋಡಿದರೆ ಅವಳ ಪಾದ ಸುಟ್ಟು ಕೆಂಪಗಾಗಿದೆ. ಅವಳು ಮೊಮ್ಮಗಳ ಕೈಯಲ್ಲಿದ್ದ ಮಗುವಿಗೆ ಕೈ ಚಾಚಿದ್ದಾಳೆ. ನಾನು ಮಗುವನ್ನು ಕಿತ್ತುಕೊಂಡೆ.

"ಯಾಕಮ್ಮಿ?"

"ನಿನ್ ಕಾಲು ನೋಡ್ಕೊ ಅಕ್ಕ."

ನೋಡಿಕೊಂಡಳು. ಬೆರಳಲ್ಲಿ ಒತ್ತಿದಳು. "ಇದು ನನ್ ಕಾಲೇನಾ?" ಅಂದಳು. ಅವಳು ಹೆದರಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಆ ಗಾಯ ಮಾಯಲಿಲ್ಲ. ನರಸೀಪುರದಿಂದ ಮೈಸೂರಿಗೆ ಬರೆದುಕೊಟ್ಟರು. ಅಲ್ಲಿ ದಿನಕ್ಕೆರಡು ಸೂಜಿ, ಮತ್ತೆ ಪಥ್ಯ. ಈ ಸಲ ಅಕ್ಕ ಕೇಳಿದಳು.

"ಇದು ಎಷ್ಟು ತಿಂಗ್ಳಿನ ಪಥ್ಯ ಸಾ?"

"ಇರೋ ತನಕ ಅಜ್ಜಿ" ಅಂದರು ಅಲ್ಲಿನ ಡಾಕ್ಟರು.

ಅಕ್ಕ ನನ್ನ ಕಡೆ ತಿರುಗಿದಳು. "ಮುಗೀದೇ ಇರೋದ್ಕೆ ಪಥ್ಯ ಅಂತ ಯಾಕಮ್ಮಿ ಅಂತಾರೆ?"

ಸೂಜಿ ಬರೆದ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡೆ.

ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಮನೆಗೆ ಬಂದ ಮೇಲೆ ಒಂದೇ ಕಾಲು ನೀಡಿ ಜಗಲಿಯಲ್ಲಿ ಕೂರುತ್ತಿದ್ದಳು. ಬೀದಿಯಲ್ಲಿ ಎಳೇ ಕೂಸು ಅತ್ತರೆ ತಲೆ ಎತ್ತುವಳು, ಆಮೇಲೆ ಬಗ್ಗಿಸುವಳು. ಅವಳ ಸೊಸೆ ಎದುರಿಗೇ ಅನ್ನುವಳು, "ಒಸಿ ಬಾಯಿ ಕಟ್ಟಿದ್ರೆ ಇಂಗಾಯ್ತಿತ್ತಾ?" ಕಟ್ಟಿದ್ದಳು ಕಣವ್ವ ಅಂದೆ ನಾನು. ಯಾರು ಕೇಳುತ್ತಾರೆ? ಒಂದು ಸಲ, ನೋಡಲಾರದೆ, ಒಂದು ಚೂರು ರಸಬಾಳೆ ಸುಲಿದು ಕೊಟ್ಟೆ. ಕೈ ತಳ್ಳಿದಳು.

"ಮುಗುದಿಲ್ಲ ಕಣಮ್ಮಿ."

ನಾಲ್ಕು ತಿಂಗಳು ಬದುಕಿದ್ದಳು. ಆ ನಾಲ್ಕು ತಿಂಗಳೂ ಬಾಯಿ ಕಟ್ಟಿಯೇ ಇದ್ದಳು. ಇದನ್ನು ಹೇಳಲು ನಾನೊಬ್ಬಳೇ ಉಳಿದಿರುವುದು.

ಹನ್ನೊಂದನೆಯ ದಿನ ಎಡೆ ಇಡುವಾಗ ಎಲೆಯ ಮೇಲೆ ಒಬ್ಬಟ್ಟಿರಲಿಲ್ಲ. "ಅದ್ರಿಂದ್ಲೇ ಅಲ್ವಾ ಓಗಿದ್ದು" ಅಂದಳು ಸೊಸೆ. ನಾನು ಮನೆಗೆ ಹೋಗಿ ಮಾಡಿಟ್ಟಿದ್ದ ಒಬ್ಬಟ್ಟು ತಂದೆ. ಮುರಿದು ತುಪ್ಪದಲ್ಲಿ ಅದ್ದಿ ಅವಳ ಎಲೆಗೆ ಇಟ್ಟೆ. ಈಗ ಮುಗಿಯಿತು ಅಕ್ಕ, ಅಂದೆ.

ಬೆರಳಿಗೆ ಅಂಟಿದ ಹೂರಣವನ್ನು ಸೆರಗಿಗೆ ಒರೆಸಿಕೊಂಡೆ. ಎರಡು ತಿಂಗಳಿಂದ ನನಗೂ ಪಥ್ಯ.